ಕಾಂಪೌಂಡಿಗೆ ಸೀಲ್‌ಕೋಟ್, ನಾದಿನಿಗೆ ಸಂಬಂಧ

ಡಾಂಬರು ನೆಲ ಬೆಳ್ಳಗಾದಷ್ಟೂ ಸ್ವಚ್ಛವಾಗಿದೆ ಎಂದರ್ಥ, ಹೀಗೆಂದು ಅನೀಶ ಬಹಳ ಕಾಲ ನಂಬಿದ್ದ. ಕೋಪರಖೈರಣೆಯ ತನ್ನ ಸೊಸೈಟಿಯ ಕಾಂಪೌಂಡು ವರ್ಷದಿಂದ ವರ್ಷಕ್ಕೆ ಬೂದಿಬಣ್ಣಕ್ಕೆ ತಿರುಗುವುದನ್ನು ಕಂಡು, ಇದೆಲ್ಲ ವಾಚ್‌ಮನ್ ಮುಂಡಪ್ಪನ ಪೊರಕೆಯ ಮಹಿಮೆಯೆಂದು ತಿಳಿದು, ಸೆಕ್ರೆಟರಿಯಾದ ಮೊದಲ ಮೀಟಿಂಗಿನಲ್ಲೇ ಅವನಿಗೆ ಶಾಲು ಹೊದಿಸಿ ಹತ್ತು ನಿಮಿಷ ಭಾಷಣವನ್ನೂ ಬಿಗಿದಿದ್ದ. ("ನಾ ಕಸಾ ಹೊಡದು ಮೂರ ತಿಂಗಳಾತ್ರೀ ಸಾಹೇಬ್ರ" ಎಂದು ಮುಂಡಪ್ಪ ಪ್ರಾಮಾಣಿಕವಾಗಿ ಹೇಳಿದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.)

ಆಮೇಲೆ ಮಾಜಿವಾಡಾದಿಂದ ಬಂದ ಕಂಟ್ರಾಕ್ಟರ್ ನೆಲವನ್ನು ಚಪ್ಪಲಿಯಲ್ಲಿ ಕೆರೆದು ತೋರಿಸಿದ. ಬಿಸಿಲಿಗೆ ಡಾಂಬರಿನ ಜಿಡ್ಡೆಲ್ಲ ಆರಿ ಹೋಗಿದೆ, ಬಿರುಕು ಬಿಟ್ಟಿದೆ. ಮಳೆನೀರು ಒಳಗಿಳಿದರೆ ಮುಂದಿನ ವರ್ಷ ಇಲ್ಲಿ ಪಾರ್ಕಿಂಗ್ ಇರುವುದಿಲ್ಲ, ಹೊಂಡ ಇರುತ್ತದೆ. ಜೂನ್ ಬರುವ ಮೊದಲು ಮೇಲೆ ನೀರು ಇಳಿಯದಂತೆ ಒಂದು ಕಪ್ಪು ಲೇಪ, ಸೀಲ್‌ಕೋಟ್, ಬಳಿಯಬೇಕು ಎಂದ. ಅನೀಶನಿಗೆ ಮಳೆಯ ಚಿಂತೆಗಿಂತ ಭಾನುವಾರದ ಚಿಂತೆ ದೊಡ್ಡದಾಗಿತ್ತು. ಅಂದು ನಾದಿನಿ ಜ್ಯೋತ್ಸ್ನಾಳನ್ನು ನೋಡಲು ನೌಪಾಡಾದಿಂದ ಗಂಡಿನ ಕಡೆಯವರು ಬರುವವರಿದ್ದರು. ಕನ್ನಡಿಯಂಥ ಕಪ್ಪು ಅಂಗಳ ಅವರನ್ನು ಸ್ವಾಗತಿಸಿದರೆ ಹೇಗಿರುತ್ತದೆ! ಕೆಲಸ ಶನಿವಾರಕ್ಕೆ ನಿಗದಿಯಾಯಿತು.

ಈ ನೋಡುವ ಶಾಸ್ತ್ರದಲ್ಲಿ ಒಂದು ಗುಟ್ಟಿತ್ತು. ಜ್ಯೋತ್ಸ್ನಾ ಮತ್ತು ಹುಡುಗ ಹಿತೇಶ್ ಠಾಣೆಯ ಒಂದೇ ಆಫೀಸಿನಲ್ಲಿ ಎರಡು ವರ್ಷದಿಂದ ಒಂದೇ ಟಿಫಿನ್ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಆದರೆ ಹುಡುಗನ ತಾಯಿ ರತ್ನಾವತಮ್ಮ, ನೌಪಾಡಾದಲ್ಲಿ ಹೋಟೆಲನ್ನೂ ಮನೆಯನ್ನೂ ಒಂದೇ ಕಣ್ಣಳತೆಯಲ್ಲಿ ನಡೆಸುವವರು, "ಸೊಸೆಯನ್ನು ಆರಿಸುವುದು ನಾನು, ಲವ್ವು ಗಿವ್ವು ಅಂತ ಬಂದರೆ ಹುಡುಗಿ ಅಪ್ಸರೆಯಾದರೂ ಬೇಡ" ಎಂದು ಘೋಷಿಸಿಬಿಟ್ಟಿದ್ದರು. ಆಗ ಅನೀಶನೇ ವ್ಯೂಹ ರಚಿಸಿದ. ಪರಿಚಿತರೊಬ್ಬರ ಕೈಯಲ್ಲಿ ಜಾತಕ ಕಳಿಸಿದ. ಹುಡುಗ ಹುಡುಗಿ "ಮೊದಲ ಸಲ" ಭೇಟಿಯಾಗಬೇಕು, ನಾಚಬೇಕು, ರತ್ನಾವತಮ್ಮ ಮೆಚ್ಚಬೇಕು. ವಿಷಯ ತಿಳಿದಿದ್ದುದು ಅನೀಶನಿಗೆ, ಹೆಂಡತಿ ಅಪರ್ಣಾಳಿಗೆ ಮತ್ತು ಆ ಜೋಡಿಗೆ ಮಾತ್ರ. ಮಾವ ಮುರಾರಿಯಂತೂ ಇಂಥ ಸಂಬಂಧ ಹುಡುಕಿದ ಅಳಿಯನನ್ನು ಡೊಂಬಿವಲಿಯಿಡೀ ಹೊಗಳಿಕೊಂಡು ತಿರುಗಿದ್ದರು. ಡೊಂಬಿವಲಿಯ ಅವರ ಮನೆ ಲಿಫ್ಟಿಲ್ಲದ ನಾಲ್ಕನೆಯ ಮಾಳಿಗೆ. ರತ್ನಾವತಮ್ಮನ ಮಂಡಿಯ ಮೇಲಿನ ಗೌರವದಿಂದ ಕಾರ್ಯಕ್ರಮ ಅನೀಶನ ನೆಲಮಹಡಿಯ ಫ್ಲ್ಯಾಟಿಗೆ ಬಂದಿತ್ತು.

ಶನಿವಾರ ಕಾರುಗಳೆಲ್ಲ ರಸ್ತೆಗೆ ಹೋದವು. ಡ್ರಮ್ಮುಗಳು ಬಂದವು. "ಪಾನಿ ಮತ್ ಡಾಲ್ನಾ" ಎಂದು ಮೂರು ಸಲ ಹೇಳಿ ಕಂಟ್ರಾಕ್ಟರ್ ಹೊರಟುಹೋದ. ಅವನ ಆಳುಗಳು ಗೇಟಿನ ಬಳಿ ಒಂದಿಷ್ಟು ಬಳಿದು ಚಹಾಕ್ಕೆ ಹೋದದ್ದೇ ತಡ, ಮಗಳೊಂದಿಗೆ ಹಿಂದಿನ ದಿನವೇ ಬಂದಿಳಿದಿದ್ದ ಮಾವ ಡ್ರಮ್ಮಿಗೆ ಕೋಲಿಳಿಸಿ ಎತ್ತಿ, ಕಪ್ಪು ದ್ರವ ಇಳಿಯುವ ವೇಗವನ್ನು ಕಣ್ಣು ಕಿರಿದು ಮಾಡಿ ಪರೀಕ್ಷಿಸಿದರು.

"ಇದೆಂತದು ಅನೀಶ, ಹಿಟ್ಟು ಇಷ್ಟು ದಪ್ಪ? ಕಾವಲಿಯಲ್ಲಿ ಹರಡುದು ಹೇಗೆ? ಎರಡು ಬಾಲ್ದಿ ನೀರು ಬಿಡು."

"ನೀರು ಹಾಕ್ಬಾರ್ದು ಅಂತ ಹೇಳಿದ್ದಾರೆ ಮಾವ."

"ಯಾರು? ನಲ್ವತ್ತು ವರ್ಷ ಹೋಟೆಲಿನಲ್ಲಿ ದೋಸೆ ಹೊಯ್ದದ್ದು ಅವನಾ, ನಾನಾ?"

ಈ ಪ್ರಶ್ನೆಗೆ ನ್ಯಾಯವಾಗಿ ಒಂದೇ ಉತ್ತರವಿತ್ತು. ಅನೀಶ ಬಾಲ್ದಿ ತಂದ. ಎರಡು ನಾಲ್ಕಾಯಿತು. ಚಹಾ ಮುಗಿಸಿ ಬಂದ ಆಳು "ಮಾಲ್ ಪತ್ಲಾ ಹೋ ಗಯಾ ಸಾಬ್" ಎಂದು ಮಾಲು ತೆಳ್ಳಗಾದದ್ದನ್ನು ಅನುಮಾನಿಸಿದಾಗ, ಅನೀಶ "ಗರ್ಮೀ ಹೈ ನಾ" ಎಂದು ಸೆಕೆಯ ವೈಜ್ಞಾನಿಕ ಕಾರಣ ಕೊಟ್ಟ.

ಭಾನುವಾರ ಬೆಳಿಗ್ಗೆ ಅಂಗಳ ನಿಜಕ್ಕೂ ಮಿರಮಿರ ಮಿಂಚುತ್ತಿತ್ತು. ಅನೀಶ ಗೇಟಿನ ಬಳಿ ಬೆರಳೊತ್ತಿ ನೋಡಿದ. ಒಣಗಿದೆ! (ನೀರು ಬೆರೆಸುವ ಮೊದಲು ಬಳಿದದ್ದು ಆ ಜಾಗಕ್ಕೆ ಮಾತ್ರ ಎಂಬುದು ಅವನಿಗೆ ಹೊಳೆಯಲಿಲ್ಲ.) ಹರ್ಷದಿಂದ ರಟ್ಟಿನ ಮೇಲೆ "ಚಪ್ಪಲಿ ಇಲ್ಲೇ ಬಿಡಿ" ಎಂದು ಬರೆದು ಗೇಟಿಗೆ ತೂಗುಹಾಕಿದ.

ಅಪರ್ಣಾ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಇದೆಂತ ದೇವಸ್ಥಾನವಾ? ಪಾರ್ಕಿಂಗ್!"

"ಹೊಸ ಕೋಟಿಂಗ್. ಹೀಲ್ಡ್ ಚಪ್ಪಲಿ ತಾಗಿದ್ರೆ ತೂತಾಗ್ತದೆ."

"ಅವರಿಗೆ ಅರವತ್ತು ವರ್ಷ, ಮಂಡಿನೋವು. ಹೀಲ್ಸ್ ಹಾಕಿಕೊಂಡು ಕುಣಿಲಿಕ್ಕೆ ಬರ್ತಾರಾ?"

ಒಂಬತ್ತಕ್ಕೆ ತಾಯಿ ಮಗ ಬಂದಿಳಿದರು. ಬೋರ್ಡು ಓದಿದ ರತ್ನಾವತಮ್ಮನ ಮುಖ ಅರಳಿತು. "ಗೇಟಿನಲ್ಲೇ ಚಪ್ಪಲಿ ಬಿಡಿಸ್ತಾರೆ ನೋಡು ಹಿತೇಶ, ಆಚಾರ ಉಂಟು ಇವರಲ್ಲಿ" ಎನ್ನುತ್ತ ಕಟ್ಟಡದ ನೆರಳಿನಲ್ಲಿ ಬರಿಗಾಲಲ್ಲಿ ನಡೆದು ಬಂದರು. ಹೊಸಿಲ ಬಳಿ ಮಾವ ತಾಮ್ರದ ಚೊಂಬು ಹಿಡಿದು ನಿಂತಿದ್ದರು. ಬಂದವರ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವ ಪದ್ಧತಿ ಅವರ ವಂಶದಲ್ಲೇ ಇರಲಿಲ್ಲ. ಅತಿಥಿಗಳು ಆ ಸೀಲ್‌ಕೋಟಿನ ಮೇಲೇ ನಿಂತು ಸಾವಕಾಶವಾಗಿ ಕಾಲು ತೊಳೆದರು. ಅರೆಬರೆ ಒಣಗಿದ್ದ ಕಪ್ಪು ಆ ನೀರಿಗಾಗಿಯೇ ಕಾದಿದ್ದಂತೆ ಕರಗಿ ಶಾಯಿಯಾಯಿತು. ಗೋಡೆಯ ದೇವರ ಪಟಗಳನ್ನು ನೋಡುತ್ತ ಒಳಬಂದವರು ಯಾರೂ ಕೆಳಗೆ ನೋಡಲಿಲ್ಲ.

ಕುಶಲೋಪರಿ ಆಯಿತು. ಹಿತೇಶ್ "ಬಾತ್‌ರೂಮ್?" ಎಂದು ವಿನಯದಿಂದ ಕೇಳಿ ಎದ್ದು ಹೋಗಿ, ಸ್ವಲ್ಪ ಹೆಚ್ಚೇ ಹೊತ್ತು ಬಿಟ್ಟು ಮರಳಿದ. ಜ್ಯೋತ್ಸ್ನಾ ಶೀರಾದ ತಟ್ಟೆ ಹಿಡಿದು ಬಂದಳು, ಹುಡುಗನನ್ನು ಈ ಜನ್ಮದಲ್ಲಿ ಕಾಣದವಳಂತೆ ತಲೆ ತಗ್ಗಿಸಿದಳು. ತಗ್ಗಿಸಿದ್ದೇ ಎಡವಟ್ಟಾಯಿತು. ನೆಲ ನೋಡಿ "ಅಯ್ಯಯ್ಯೋ" ಎಂದಳು. ಎಲ್ಲರೂ ನೋಡಿದರು.

ಬಿಳಿ ಟೈಲ್ಸಿನ ಮೇಲೆ ಎರಡು ಜೊತೆ ಕಪ್ಪು ಪಾದಗಳು. ಚಿಕ್ಕವು ನೇರ ಸೋಫಾಕ್ಕೆ ಬಂದು ನಿಂತಿದ್ದವು. ದೊಡ್ಡವು ಮಾತ್ರ ಸೋಫಾದಿಂದ ಎದ್ದು, ಬಾತ್‌ರೂಮನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಜ್ಯೋತ್ಸ್ನಾ ಕುಳಿತಿದ್ದ ಒಳಕೋಣೆಯ ಬಾಗಿಲಿಗೆ ಹೋಗಿ, ಅಲ್ಲಿ ಒಂದರ ಮೇಲೊಂದು ಬಿದ್ದು, ಯಾರೋ ಬಹಳ ಹೊತ್ತು ನಿಂತು ಮಾತಾಡಿದ ಸಾಕ್ಷಿ ಹೇಳಿ ಹಿಂತಿರುಗಿದ್ದವು.

ರತ್ನಾವತಮ್ಮ ಆ ಸಾಲನ್ನು ಕೊನೆಯವರೆಗೂ ಓದಿದರು. "ಹಿತೇಶ, ಬಾತ್‌ರೂಮ್ ಎಡಗಡೆ. ನಿನ್ನ ಕಾಲು ಬಲಗಡೆ ಎಂತಕ್ಕೆ ಹೋದದ್ದು?"

ಹಿತೇಶ್ ಶೀರಾದಲ್ಲಿ ದ್ರಾಕ್ಷಿ ಹುಡುಕತೊಡಗಿದ. ಅನೀಶ ಮಧ್ಯೆ ಬಾಯಿ ಹಾಕಿದ. "ವಾಸ್ತು ನೋಡ್ಲಿಕ್ಕೆ ಹೋಗಿರ್ಬೇಕು ಅಮ್ಮ."

"ನೀವು ಸುಮ್ಮನಿರಿ." ಅವರು ಹುಡುಗಿಯತ್ತ ತಿರುಗಿದರು. "ಎಷ್ಟು ಸಮಯ ಆಯ್ತು ಮಗಾ?"

"ಎರಡು ವರ್ಷ" ಎಂದಳು ಜ್ಯೋತ್ಸ್ನಾ. ಮಾವನ ಕೈಯಿಂದ ಚೊಂಬು ಜಾರಿ ಠಣ್ಣೆಂದಿತು. "ಜಾತಕ ಕಳಿಸಿದ್ದು, ನಾಚಿದ್ದು, ಎಲ್ಲ ಭಾವ ಕಲಿಸಿಕೊಟ್ಟದ್ದು."

ಅನೀಶನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ರತ್ನಾವತಮ್ಮ ತಮ್ಮ ಕಪ್ಪು ಪಾದಗಳನ್ನೊಮ್ಮೆ, ಮಗನ ಕೆಂಪು ಕಿವಿಗಳನ್ನೊಮ್ಮೆ ನೋಡಿದರು. ತುಟಿ ಬಿಗಿದೇ ಇತ್ತು, ಹೊಟ್ಟೆ ಮಾತ್ರ ಕುಲುಕತೊಡಗಿತ್ತು.

"ಕದ್ದು ಮಾತಾಡ್ಲಿಕ್ಕೂ ಬಾರದ ಪೆದ್ದ ಇವ. ಸತ್ಯ ಹೇಳು, ಇವನಲ್ಲಿ ಎಂತ ಕಂಡು ಒಪ್ಪಿದೆ ನೀನು?"

ಜ್ಯೋತ್ಸ್ನಾ ಹಿತೇಶನನ್ನು ನೋಡಿದಳು. ಆಮೇಲೆ ಅನೀಶನನ್ನು ನೋಡಿದಳು.

"ಭಾವನ ಹಾಗೆ ತಲೆ ಓಡಿಸುದಿಲ್ಲ ಅಮ್ಮ. ಅದೇ."