ಅಫಜಲಪುರದಲ್ಲಿ ಗಾಬರಿಯಾದ ಲಿನಕ್ಸ್

ತಾನೇ ನಿಂತು ಕಟ್ಟಿಸಿದ ಮನೆ ಎಲ್ಲಿ ಸೋರುತ್ತದೆ ಎಂಬುದು ಮಾಲೀಕನೊಬ್ಬನಿಗೆ ಮಾತ್ರ ಕಾಣುವುದಿಲ್ಲ. ನೆಂಟರ ತಲೆಯ ಮೇಲೆ ಹನಿ ಬಿದ್ದರೂ ‘ಏ, ಗಾಳಿಗಿ ಮಳಿ ಒಂದೀಟು ಒಳಗ ಬರ್ತದ’ ಎನ್ನುತ್ತಾನೆ. ನಾನು ಮನೆ ಕಟ್ಟಿಸಿದವನಲ್ಲ, ಅಷ್ಟು ತಾಕತ್ತು ಇಲ್ಲ. ನಾನು ಕಟ್ಟಿದ್ದು ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ, ಲಿನಕ್ಸ್ ಎಂದು ಅದರ ಹೆಸರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಜೇವರ್ಗಿಯ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಗಣಿತ ಕಲಿಸುವ ತಪ್ಪಿಗೆ ಅದು ನನ್ನ ಕೊರಳಿಗೆ ಬಿತ್ತು.

ಲಿನಕ್ಸ್ ಪುಕ್ಕಟೆ ಮಾಲು. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿತ್ತು. ಅದರ ‘ಕರ್ನಲ್’ ಎಂಬ ತಿರುಳನ್ನು ನಮ್ಮ ಯಂತ್ರಕ್ಕೆ ತಕ್ಕಂತೆ ನಾವೇ ಕಟ್ಟಿಕೊಳ್ಳಬಹುದು. ಕಟ್ಟುವಾಗ ಅದು ಹೆಣ್ಣು ನೋಡಲು ಬಂದವರ ಹಾಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತದೆ: ಇಂಥ ಡಿಸ್ಕಿಗೆ ಹೊಂದಬೇಕೋ, ಅಂಥ ಕಾರ್ಡಿಗೆ ಹೊಂದಬೇಕೋ? ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದಕ್ಕೆ ಹೌದು ಎಂದೆ, ಇಲ್ಲದ್ದಕ್ಕೆಲ್ಲ ಬೇಡ ಎಂದೆ. ಹೋಗದ ಊರಿನ ದಾರಿ ಯಾಕೆ ಕೇಳಬೇಕು? ಕರೆಂಟು ಹೋದಾಗಲೆಲ್ಲ ಮೊದಲಿಂದ ಶುರು ಮಾಡಿ, ಮಾಡಿ, ಹೈರಾಣಾಗಿ, ಅಂತೂ ಕಟ್ಟಿದೆ. ಗುಂಡಿ ಒತ್ತಿದರೆ ಚಹಾ ಆರುವುದರೊಳಗೆ ಎದ್ದು ಕೂಡುತ್ತಿತ್ತು. ಹುಡುಗರ ಅಂಕಗಳನ್ನೆಲ್ಲ ಕೂಡಿಸಿ ಕೊಡುತ್ತಿತ್ತು. ನಾನಂತೂ ನೆಲದ ಮೇಲೆ ಇರಲಿಲ್ಲ.

ನಮ್ಮ ಸಂಸ್ಥೆಯ ಕಾರ್ಯದರ್ಶಿ ಗೌಡರು ಬಂದು ನೋಡಿದರು. ಆಳಂದದಲ್ಲೂ ಅಫಜಲಪುರದಲ್ಲೂ ಅವರದೇ ಕಾಲೇಜುಗಳಿದ್ದವು.

“ಮಾಸ್ತರ್, ಭಾಳ ಚಲೋ ಆಗ್ಯದ. ಆ ಎರಡು ಊರಾಗೂ ಇದನ್ನ ಕುಂದರಸ್ರಿ.”

“ಅದಕ್ಕೇನ್ರಿ, ಕುಂದರಸ್ತೇನಿ.”

“ಕುಂದರಲಿಲ್ಲಂದ್ರ?”

“ಅದು ಕುಂದರಲಿಲ್ಲಂದ್ರ ನಾನ ಹೋಗಿ ಕುಂದರ್ತೇನ್ರಿ!”

ಬಾಯಿಗೆ ಬಂದದ್ದು ಅಂದುಬಿಟ್ಟೆ. ಗೌಡರು ನಕ್ಕರು. ನಕ್ಕವರು ಮರೆಯುತ್ತಾರೆ ಎಂದು ನಾನು ತಿಳಿದಿದ್ದೆ.

ಇಲ್ಲಿ ಒಂದು ಮನೆಯ ಮಾತು ಹೇಳಬೇಕು. ನನ್ನ ಹೆಂಡತಿ ಶಾಂತಾಳ ತವರುಮನೆ ಅಫಜಲಪುರ. ಅಲ್ಲಿಗೆ ಬದಲಿ ಮಾಡಿಸಿಕೊಳ್ಳಿರೆಂದು ಮದುವೆಯಾದಾಗಿನಿಂದ ಅವಳು ಹೇಳುತ್ತಿದ್ದಳು. ನಾನು ಕೇಳಿಯೂ ಕೇಳದವನಂತೆ ಇದ್ದೆ. ನನಗೆ ಜೇವರ್ಗಿಯ ಬೇವಿನ ಗಿಡದ ಕೆಳಗೆ ನಾನು ಮಲಗುವ ಹೊರಸೇ ಬೇಕು, ಬಸ್‌ಸ್ಟ್ಯಾಂಡಿನ ಚಹಾವೇ ಬೇಕು. ಮೇಲಾಗಿ ಅಳಿಯ ದೂರವಿದ್ದಷ್ಟೂ ಅವನಿಗೆ ಬೆಲೆ ಎಂಬುದು ನನ್ನ ಸಿದ್ಧಾಂತ. ಗೌಡರಿಗೆ ನಾನು ಕೊಟ್ಟ ಮಾತು ಕೇಳಿ ಶಾಂತಾ ಹಣೆಗೆ ಕೈ ಹಚ್ಚಿ ದೇವರಿಗೆ ನಮಸ್ಕರಿಸಿದಳು. “ಹೋಗಿ ಬರ್ರಿ. ಬಸವಣ್ಣ ಎಲ್ಲಾ ಚಲೋ ಮಾಡ್ತಾನ” ಎಂದಳು. ಯಾರಿಗೆ ಚಲೋ ಎಂದು ಹೇಳಲಿಲ್ಲ.

ಲಿನಕ್ಸ್ ಇದ್ದ ಡಿಸ್ಕನ್ನು ಬಿಚ್ಚಿ, ಅವಳ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಮುದುಕಿ “ಎಷ್ಟು ದಿನದ ಕೂಸ್ರಿ ಯಪ್ಪಾ? ಅಳೂದೇ ಇಲ್ಲಲ್ಲ!” ಎಂದಳು. ಆಳಂದದಲ್ಲಿ ಡಿಸ್ಕು ಜೋಡಿಸಿ ಗುಂಡಿ ಒತ್ತಿದೆ. ಪರದೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರ ಮೂಡಿ ಅಲ್ಲಿಗೇ ನಿಂತವು. ಕಾದೆವು. ಮತ್ತೆ ಒತ್ತಿದೆ. ಮತ್ತೆ ಅವೇ ಎರಡು ಅಕ್ಷರ. ಅಲ್ಲಿನ ಪ್ರಿನ್ಸಿಪಾಲರು ದೊಡ್ಡ ಮನಸ್ಸಿನವರು. “ಬಸ್ಸಿನಾಗ ಕುಂತು ದಣಿದದ ಕಾಣಸ್ತದ್ರಿ” ಎಂದು ನನಗೆ ಒಗ್ಗರಣೆ ಚುರುಮುರಿಯ ಮಂಡಾಳ ತಿನ್ನಿಸಿ ಕಳಿಸಿದರು.

ಅಫಜಲಪುರದಲ್ಲಿ ಸ್ವತಃ ಗೌಡರೇ ಬಂದು ಕೂತಿದ್ದರು. ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದಿದ್ದರು. ಗುಂಡಿ ಒತ್ತಿದೆ. ಸಾಲುಗಳು ಸರಸರನೆ ಇಳಿದವು. ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ‘ಕರ್ನಲ್ ಪ್ಯಾನಿಕ್’ ಎಂಬ ಸಾಲು ಬಂದು ಎಲ್ಲವೂ ನಿಂತುಹೋಯಿತು.

“ಏನಂತದ್ರಿ ಅದು?” ಎಂದರು ಗೌಡರು.

“ಗಾಬರಿ ಆಗ್ಯದಂತ್ರಿ.”

“ಯಾರಿಗಿ? ಮಷಿನ್‌ಗೋ, ನಿಮಗೋ?”

ಇಬ್ಬರಿಗೂ ಆಗಿತ್ತು. ಜೇವರ್ಗಿಯ ಪೆಟ್ಟಿಗೆಯಲ್ಲಿ ಇಲ್ಲದ್ದಕ್ಕೆಲ್ಲ ನಾನು ಬೇಡ ಎಂದಿದ್ದೆನಲ್ಲ, ಅಫಜಲಪುರದ ಪೆಟ್ಟಿಗೆಯಲ್ಲಿ ಇದ್ದದ್ದು ಬರೀ ಅದೇ. “ಮಾಸ್ತರ್, ಮಾತು ಕೊಟ್ಟೀರಿ. ಅದು ಕುಂದರೂತನಕ ನೀವು ಇಲ್ಲೇ ಕುಂದರ್ರಿ” ಎಂದು ಗೌಡರು ಎದ್ದರು. ಈ ಸುದ್ದಿ ನನಗಿಂತ ಮೊದಲು ಮಾವನ ಮನೆ ಮುಟ್ಟಿತ್ತು. ಶಾಂತಾ ಮರುದಿನವೇ ಟ್ರಂಕಿನೊಂದಿಗೆ ಬಂದಿಳಿದಳು. ಅಷ್ಟು ಜಲ್ದಿ ಅವಳು ಯಾವ ಪ್ರಯಾಣಕ್ಕೂ ತಯಾರಾದದ್ದು ನಾನು ಕಂಡಿಲ್ಲ.

ಮಾವನ ಮನೆಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ, ಊಟ ಸೇರಲಿಲ್ಲ. ಅತ್ತೆಯವರು ರೊಟ್ಟಿ ಬುಟ್ಟಿ ಹಿಡಿದು “ಅಳಿಯಾರ, ಪುಂಡಿಪಲ್ಯ ಹಾಕ್ಲೇನ್ರಿ? ಶೇಂಗಾ ಹಿಂಡಿ? ಕಟಕ ರೊಟ್ಟಿ ನಡೀತದ?” ಎಂದು ಕೇಳುವರು. ನಾನು ಬೇಡ, ಬೇಡ, ಬೇಡ. ಪಾಪ, ಅವರು ಮಗಳ ಕಡೆ ನೋಡುವರು. ಹಗಲೆಲ್ಲ ಕಾಲೇಜಿನಲ್ಲಿ ಕೂತು ಲಿನಕ್ಸನ್ನು ಹೊಸದಾಗಿ ಕಟ್ಟತೊಡಗಿದೆ. ಈ ಸಲ ಅದು ಏನು ಕೇಳಿದರೂ ಹೌದು ಎಂದೆ. ಕೇಳದ್ದಕ್ಕೂ ಹೌದು ಎನ್ನಲು ತಯಾರಿದ್ದೆ. ಹಗಲೆಲ್ಲ ಹೌದು ಹೌದು ಎಂದ ಬಾಯಿ ಮನೆಗೆ ಬಂದರೂ ಸುಮ್ಮನಿರಲಿಲ್ಲವೋ ಏನೋ, ಅತ್ತೆಯವರು ಕೇಳಿದ್ದಕ್ಕೂ ಒಂದೊಂದಾಗಿ ಹೂಂ ಎನ್ನತೊಡಗಿದೆ.

ಕಡೆಗೊಂದು ದಿನ ಲಿನಕ್ಸ್ ಅಫಜಲಪುರದಲ್ಲಿ ಎದ್ದಿತು. ಆಳಂದದಲ್ಲೂ ಎದ್ದಿತು. ಗೌಡರು ಖುಷಿಯಾಗಿ “ಇನ್ನ ನೀವು ಜೇವರ್ಗಿಗಿ ಹೋಗ್ರಿ” ಎಂದರು. ಶಾಂತಾ ಟ್ರಂಕಿಗೆ ತುಂಬಿದ ಸೀರೆಗಳನ್ನೇ ಮತ್ತೆ ಹೊರಗೆ ತೆಗೆದು ಮಡಚುತ್ತ ಕೂತಳು. ಆದರೂ ನನಗೆ ನನ್ನ ಜೇವರ್ಗಿ ಸಿಕ್ಕಿತಲ್ಲ ಎಂದು ಬಸ್ಸು ಹತ್ತಿದೆ.

ಜೇವರ್ಗಿಯ ಯಂತ್ರದಲ್ಲಿ ಹೊಸ ಲಿನಕ್ಸ್ ಒಂದೇ ಏಟಿಗೆ ಎದ್ದಿತು. ನಾನು ಸಿಳ್ಳು ಹಾಕುತ್ತ ಮನೆಗೆ ಬಂದು, ಬೇವಿನ ಕೆಳಗಿನ ನನ್ನ ಹೊರಸಿನ ಮೇಲೆ ಕಾಲು ಚಾಚಿದೆ. ಹೊರಸು ಯಾಕೋ ಗಿಡ್ಡ ಅನಿಸಿತು. ಶಾಂತಾ ತಾಟು ತಂದಿಟ್ಟಳು. ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡು, “ಏನಿದು, ಪುಂಡಿಪಲ್ಯ ಇಲ್ಲೇನು? ನಮ್ಮ ಅಫಜಲಪುರದಾಗ ಆದ್ರ…” ಎಂದವನು ಅಲ್ಲಿಗೇ ನಿಂತೆ.

ಶಾಂತಾ ರೊಟ್ಟಿ ಬುಟ್ಟಿ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ನನ್ನನ್ನೇ ನೋಡಿದಳು.

“ಯಾಕ್ರಿ, ಗಾಬರಿ ಆಗ್ಯದೇನು?”