ಹಸಿರು ಶೀಟು, ಹಾಲುಬಿಳಿ ಸೀರೆ

ಬಣ್ಣದ ವಿಷಯದಲ್ಲಿ ಗಂಡಸರ ಮಾತು ಕೇಳಬಾರದು ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ದಿನವಾಗಿಲ್ಲ. ನಮಗೆ ಗೊತ್ತಿರುವುದು ಒಟ್ಟು ಏಳೆಂಟು ಬಣ್ಣ, ಅದರಲ್ಲೂ ಒಂದೆರಡರ ಬಗ್ಗೆ ಅನುಮಾನ. ನನ್ನ ಹೆಂಡತಿ ಗಿರಿಜಾಗೆ ಹಸಿರೊಂದರಲ್ಲೇ ಗಿಣಿಹಸಿರು, ಪಾಚಿಹಸಿರು, ಎಲೆಹಸಿರು, ಬಾಟಲಿ ಹಸಿರು, ಹೆಸರುಕಾಳಿನ ಹಸಿರು ಎಂದು ಬೇರೆಬೇರೆ ಕಾಣುತ್ತವೆ. ನನಗೆ ಅವೆಲ್ಲ ಹಸಿರು. ಇಂಥವನು ಮನೆಯ ಅಂಗಳಕ್ಕೆ ಹೊದಿಸಲು ಬಣ್ಣದ ಶೀಟು ಆರಿಸಲು ಹೋದದ್ದೇ ತಪ್ಪು. ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿಯೇ ಕಂಡುಹಿಡಿದರೆ ಮರ್ಯಾದೆ ಇನ್ನಷ್ಟು ಹೋಗುತ್ತದೆ. ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. 'ಹಸಿರು ಬೆಳಕಿನಲ್ಲಿ ಕೆಂಪು ಗುಲಾಬಿ ಯಾವ ಬಣ್ಣ ಕಾಣುತ್ತದೆ, ಏಕೆ?' ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಪರೀಕ್ಷೆಗೆ ಹಾಕುತ್ತೇನೆ. ಕಪ್ಪು ಎಂದು ಬರೆಯದವರಿಗೆ ಸೊನ್ನೆ ಕೊಡುತ್ತೇನೆ.

ಗಿರಿಜಾ ಮನೆಯಲ್ಲೇ ಸೀರೆ ವ್ಯಾಪಾರ ಮಾಡುತ್ತಾಳೆ. ನಮ್ಮ ಮುಂದಿನ ಕೋಣೆ ಹಗಲು ಹೊತ್ತಿನಲ್ಲೂ ಮಬ್ಬು. ಟ್ಯೂಬ್‌ಲೈಟಿನ ಬೆಳಕನ್ನು ನಮ್ಮ ಕಡೆಯ ಹೆಂಗಸರು ನಂಬುವುದಿಲ್ಲ. ಸೀರೆ ಎಷ್ಟೇ ಒಪ್ಪಿಗೆಯಾದರೂ 'ತಡಿ, ಬಿಸಲಿಗೆ ಹಿಡದು ನೋಡಾನು' ಎಂದು ಸೆರಗು ಎಳೆದುಕೊಂಡು ಬೀದಿಗೆ ಹೊರಟುಬಿಡುತ್ತಾರೆ. ಸೀರೆಯ ಒಂದು ತುದಿ ಒಳಗೆ ಗಿರಿಜಾಳ ಕೈಯಲ್ಲಿ, ಇನ್ನೊಂದು ತುದಿ ನಡುಬೀದಿಯಲ್ಲಿ. ಆಟೊದವರು ನಿಲ್ಲುತ್ತಾರೆ, ಹಾಲು ಹಾಕುವವನು ಅಭಿಪ್ರಾಯ ಹೇಳುತ್ತಾನೆ, ಎದುರಿನ ಕಿರಾಣಿ ಅಂಗಡಿಯ ಕೊಟ್ರೇಶಪ್ಪ ಕೂತಲ್ಲಿಂದಲೇ 'ಅದು ನಿನಗ ಒಪ್ಪಂಗಿಲ್ಲ ಬಿಡವ್ವ' ಎಂದು ತೀರ್ಪು ಕೊಡುತ್ತಾನೆ. ಒಂದು ಸಲ ಯಾರದೋ ಮೇಕೆ ಬಂದು ಜರಿ ಅಂಚನ್ನು ತಿಂದುಹಾಕಿತು. ಇದಕ್ಕೆಲ್ಲ ಒಂದೇ ಪರಿಹಾರವೆಂದರೆ ಅಂಗಳಕ್ಕೆ ಚಾವಣಿ ಹಾಕಿಸಿ, ಜಮಖಾನ ಹಾಸಿ, ಗಿರಾಕಿಗಳನ್ನು ಅಲ್ಲೇ ಕೂರಿಸುವುದು. ತಗಡು ಹಾಕಿದರೆ ಮತ್ತೆ ಕತ್ತಲೆ. ಹಾಗಾಗಿ ನೆರಳೂ ಇರಬೇಕು, ಬೆಳಕೂ ಇಳಿಯಬೇಕು, ಅಂಥ ಪ್ಲಾಸ್ಟಿಕ್ ಶೀಟು ತರುವುದೆಂದು ಆಯಿತು.

ಕೊಟ್ರೇಶಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಅಂಗಡಿಯವನು ನಾಲ್ಕು ತುಂಡುಗಳನ್ನು ಮೇಜಿನ ಮೇಲೆ ಇಟ್ಟ. ನೀರಿನಂಥದ್ದು ಬೇಡ, ಬಿಸಿಲು ನೆತ್ತಿಗೇ ಬೀಳುತ್ತದೆ. ನೀಲಿ ಬೇಡ, 'ಮನಿ ನೋಡಿದ್ರ ಟಾರ್ಪಾಲ್ ಹೊದ್ದ ಲಾರಿ ನಿಂತಂಗ ಕಾಣ್ತೈತಿ' ಎಂದು ಕೊಟ್ರೇಶಪ್ಪ ತೆಗೆದುಹಾಕಿದ. ಹಾಲುಬಿಳಿ ಚೆನ್ನಾಗಿತ್ತು, ಆದರೆ ಅದರ ಮೇಲೆ ಕಾಗೆ ಕೂತು ಮಾಡುವ ಕೆಲಸವೆಲ್ಲ ಕೆಳಗಿನವರಿಗೆ ಕಾಣುತ್ತದೆ ಎಂದು ಅಂಗಡಿಯವನೇ ಹೆದರಿಸಿದ. ಉಳಿದದ್ದು ಹಸಿರು. ಅದನ್ನು ಕಣ್ಣಿಗೆ ಹಿಡಿದು ಬೀದಿ ನೋಡಿದೆ. ಧೂಳು, ಕಾದ ರಸ್ತೆ, ಒಣಗಿದ ಬೇವಿನ ಮರ, ಎಲ್ಲವೂ ಮಳೆ ಬಂದು ಹೋದಂತೆ ತಂಪಾಗಿ ಕಂಡವು. ನಮ್ಮ ಕಡೆ ಬೇಸಿಗೆಯಲ್ಲಿ ಹಸಿರು ಕಾಣಬೇಕಾದರೆ ಹೀಗೆ ಅಂಗಡಿಗೇ ಹೋಗಬೇಕು. ಮನಸ್ಸು ಅಲ್ಲೇ ಸೋತಿತು. ಫೋನಿನಲ್ಲಿ ಗಿರಿಜಾ, "ರೀ, ಬಿಳೇದ ತರ್ರಿ. ಸೀರಿ ಬಣ್ಣ ಇದ್ದದ್ದು ಇದ್ದಂಗ ಕಾಣ್ಬೇಕು" ಎಂದಳು. "ಬೆಳಕಿನ ವಿಷಯ ನನಗ ಹೇಳಬ್ಯಾಡ" ಎಂದು ನಾನು ಫೋನು ಇಟ್ಟೆ. ಆ ಮಾತನ್ನು ಅವಳು ಈಗಲೂ ವಾರಕ್ಕೊಮ್ಮೆ ನನ್ನದೇ ಧ್ವನಿಯಲ್ಲಿ ಆಡಿ ತೋರಿಸುತ್ತಾಳೆ.

ಶೀಟು ಹಾಕುವ ದಿನ ಓಣಿಯೆಲ್ಲ ಸೇರಿತ್ತು. ವೆಲ್ಡಿಂಗಿನ ಮಾಬುಸಾಬ ಕಬ್ಬಿಣದ ಕಂಬಿ ನಿಲ್ಲಿಸಿ, ಸ್ವಲ್ಪ ಇಳಿಜಾರು ಸಾಕು ಎಂದ. ಮಳೆನೀರು ನಿಲ್ಲಬಾರದೆಂದು ನಾನು ಇನ್ನಷ್ಟು ಇಳಿಜಾರು ಕೊಡಿಸಿದೆ. ಮರುದಿನ ಕೋತಿಗಳ ಹಿಂಡು ಬಂದು ಅದನ್ನು ಜಾರುಬಂಡಿ ಮಾಡಿಕೊಂಡಿತು. ಮೇಲೆ ಹತ್ತುವುದು, ಕೂತು ಜಾರುವುದು, ಮತ್ತೆ ಹತ್ತುವುದು. ಕೆಳಗೆ ಕೂತವರಿಗೆ ಶೀಟಿನಾಚೆ ಕೋತಿಯ ಕುಂಡಿಗಳ ನೆರಳು ಮಾತ್ರ ಸಾಲಾಗಿ ಸರಿದು ಹೋಗುತ್ತಿತ್ತು. ಸೀರೆ ನೋಡಲು ಬಂದವರು ಸೀರೆ ಬಿಟ್ಟು ಅದನ್ನೇ ನೋಡುತ್ತಿದ್ದರು.

ಇದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಶೀಟಿನ ಕೆಳಗೆ ಮೊಸರನ್ನ ಹಸಿರಾಯಿತು. ಗಿರಿಜಾಳ ಹಣೆಯ ಕುಂಕುಮ ಕಪ್ಪಾಯಿತು. ನಾನು ಪೇಪರ್ ಓದುತ್ತ ಕೂತಿದ್ದರೆ ಕೊಟ್ರೇಶಪ್ಪ ಹತ್ತಿರ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೇಷ್ಟ್ರೆ, ನಿಮಗ ಕಾಮಣಿ ಆಗೇತಿ" ಎಂದ. ಕಾಮಾಲೆಯಲ್ಲ, ಶೀಟಿನ ಬಣ್ಣ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಎಲ್ಲರೂ ಮೊದಲು ಹಂಗ ಅಂತಾರ" ಎಂದು ಕೂಡ್ಲಿಗಿಯ ಕಡೆಯಿಂದ ಒಂದು ಬೇರು ತರಿಸಿ, ದಾರದಲ್ಲಿ ಸುತ್ತಿ ನನ್ನ ತೋಳಿಗೆ ಕಟ್ಟಿದ. ಪಥ್ಯವನ್ನೂ ಹೇಳಿದ. ಅವನ ಪ್ರೀತಿಗೆ ಎದುರಾಡಲಾರದೆ ಕಟ್ಟಿಸಿಕೊಂಡೆ. ವಿಚಿತ್ರವೆಂದರೆ ಒಂದು ತಾಸು ಶೀಟಿನ ಕೆಳಗೆ ಕೂತು ಕಣ್ಣಿಗೆ ಆ ಹಸಿರು ರೂಢಿಯಾದ ಮೇಲೆ ಬೀದಿಗೆ ಬಂದರೆ ಜಗತ್ತೆಲ್ಲ ಸ್ವಲ್ಪ ಹೊತ್ತು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಕೊಟ್ರೇಶಪ್ಪನ ಬಿಳಿ ಪಂಚೆ ಸಹ ನಸುಗೆಂಪಾಗಿ, ಅವನು ಮದುಮಗನಂತೆ ಕಾಣುತ್ತಿದ್ದ.

ಗಿರಿಜಾ ಗಟ್ಟಿ ಹೆಂಗಸು. ತನ್ನ ಸರಕು ತನಗೆ ಗೊತ್ತು, ಬಣ್ಣ ಬಾಯಲ್ಲಿ ಹೇಳಿ ಮಾರುತ್ತೇನೆ ಎಂದು ಹೇಗೋ ಸಂಭಾಳಿಸುತ್ತಿದ್ದಳು. ಅಷ್ಟರಲ್ಲಿ ಇಟ್ಟಿಗಿ ಊರಿನಲ್ಲಿ ಅವಳ ಅಣ್ಣನ ಮನೆ ಗೃಹಪ್ರವೇಶ ಬಂತು. ಅವಳು ಹೋದ ಮರುದಿನವೇ ಉಜ್ಜಿನಿ ಕಡೆಯ ಹಳ್ಳಿಯಿಂದ ಹಾಲಮ್ಮ ಎಂಬ ಅಜ್ಜಿ ಟೆಂಪೊ ತುಂಬ ಹೆಂಗಸರನ್ನು ಕರೆದುಕೊಂಡು ಇಳಿದಳು. ಮೊಮ್ಮಗಳ ಮದುವೆ. ಮದುವೆಯ ಜವಳಿಯೆಲ್ಲ ದಾವಣಗೆರೆಯಲ್ಲಿ ಮುಗಿದಿತ್ತು. ಬೀಗತಿಗೆ, ಅಂದರೆ ಗಂಡಿನ ತಾಯಿಗೆ ಕೊಡುವ ಸೀರೆ ಮಾತ್ರ ಗಿರಿಜಾಳ ಕೈಯಿಂದಲೇ ಆಗಬೇಕೆಂದು ಉಳಿಸಿಕೊಂಡಿದ್ದರು. ಫೋನು ಮಾಡಿದರೆ ಗಿರಿಜಾ, "ಮ್ಯಾಲಿನ ಹಲಗಿ ಮ್ಯಾಲ ಕೆಂಪು ರೇಷ್ಮಿ ಅದಾವ, ಅವನ್ನ ತೋರಿಸ್ರಿ, ಬ್ಯಾರೆ ಯಾವುದನ್ನೂ ಮುಟ್ಟಬ್ಯಾಡ್ರಿ" ಎಂದಳು.

ತಂದು ಶೀಟಿನ ಕೆಳಗೆ ಹರಡಿದೆ. ಹಾಲಮ್ಮ ಮುಖ ಗಂಟು ಹಾಕಿಕೊಂಡು, "ಏನಪ್ಪ ಮೇಷ್ಟ್ರೆ, ಮದಿವಿ ಮನಿಯವ್ರಿಗೆ ಕರೇ ಸೀರಿ ತೋರಿಸ್ತೀಯೇನು?" ಎಂದಳು. ನೋಡಿದರೆ ನಿಜಕ್ಕೂ ಕಪ್ಪು. ಪ್ರತಿ ವರ್ಷ ಪ್ರಶ್ನೆಪತ್ರಿಕೆ ಬರೆಯುವ ನನಗೆ ಆಗ ಹೊಳೆದದ್ದು ಇಷ್ಟೇ, ಗಿರಿಜಾಗೆ ಹಲಗೆ ಮರೆತಿದೆ. ಕೋಣೆಯ ಮಬ್ಬಿನಲ್ಲೇ ಕೆಳಗಿನ ಹಲಗೆಗೆ ಕೈ ಹಾಕಿ, ಟೀಚರಮ್ಮಗಳಿಗೆಂದು ಅವಳು ತರಿಸಿಟ್ಟಿದ್ದ ಜರಿ ಅಂಚಿನ ಸೀರೆಯೊಂದನ್ನು ತಂದೆ. ಅದು ಹಾಲುಬಿಳಿ ಎಂದು ಆಮೇಲೆ ಗೊತ್ತಾಯಿತು. ಶೀಟಿನ ಕೆಳಗೆ ಬಿಚ್ಚಿದಾಗ ಹಾಲಮ್ಮನ ಮುಖ ಅರಳಿತು. "ಎಳೇ ಬಾಳಿಎಲಿ ಬಣ್ಣ ನೋಡ್ರೇ. ನನ್ನ ಬೀಗತಿಗೆ ಹಸರು ಸೀರಿನ ಉಡಿಸ್ತೀನಂತ ಮಾತು ಕೊಟ್ಟೀನಿ" ಎಂದಳು. ಹಿಂದಿನಿಂದ ಒಬ್ಬಾಕೆ, "ಬಿಸಲಿಗೆ ಹಿಡದು ನೋಡಾನು ತಡಿರಿ" ಎಂದಳು. ಆ ತಾಯಿಯ ಬಾಯಿಗೆ ಸಕ್ಕರೆ ಹಾಕಬೇಕಿತ್ತು. ನಾನು ಎದ್ದು ನಿಂತು, "ಹೊರಗ ಯಾಕ ಹೋಗ್ತೀರಿ, ಅದಕ್ಕಂತನ ಈ ಶೀಟ್ ಹಾಕಿಸೀನಿ. ಬಿಸಲ ಒಳಗ ಬಂದೈತಿ" ಎಂದೆ. ಅವರು ನಂಬಿದರು. ರಾಹುಕಾಲ ಹತ್ತಿರ ಬಂತೆಂದು ಹಾಲಮ್ಮ ನಮ್ಮ ಅಡುಗೆಮನೆಯಿಂದಲೇ ಅರಿಶಿನ ತರಿಸಿ, ನೀರಲ್ಲಿ ಕಲಸಿ, ಸೀರೆಯ ಮೂಲೆಗೆ ಹಚ್ಚಿ, ಮನೆದೇವರ ಹೆಸರು ಹೇಳಿ ಡಬ್ಬಿಯೊಳಗೆ ಇಟ್ಟುಕೊಂಡಳು. ನನ್ನ ಮೊದಲ ವ್ಯಾಪಾರ ಎಂದು ನಾನು ಆ ದಿನ ಎರಡು ಪ್ಲೇಟು ಮಿರ್ಚಿ ತಿಂದೆ.

ಇಟ್ಟಿಗಿಯಿಂದ ಬಂದ ಗಿರಿಜಾ ಹಲಗೆ ನೋಡಿ ಅಲ್ಲೇ ಕೂತಳು. "ಬೀಗತಿಗೆ ಬಿಳೇ ಸೀರಿ ಕೊಟ್ರಿ. ಆಕಿ ಗಂಡ ಗಟ್ಟಿಮುಟ್ಟಾಗಿ ಅದಾನ. ನಾಳಿ ಅವ್ರು ಇದು ಯಾವ ಲೆಕ್ಕದ ಸೀರಿ ಅಂತ ಕೇಳಿದ್ರ ಹುಡುಗಿ ಗತಿ ಏನು? ನನ್ನ ಕಡಿ ಮತ್ತ ಯಾರು ಬರ್ತಾರ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹಳ್ಳಿಹಳ್ಳಿ ಸುತ್ತಿ ಹತ್ತು ಮನೆಯ ನಂಬಿಕೆ ಗಳಿಸಿದವಳು ಅವಳು, ಕಳೆದವನು ನಾನು.

ಮರುದಿನ ಬೆಳಗಾಗುತ್ತಲೇ ಹಾಲಮ್ಮ ಬಂದಳು. ಮನೆಯಲ್ಲಿ ಡಬ್ಬಿ ತೆರೆದು ನೋಡಿದ್ದಳು. ಗಿರಿಜಾ ಅವಳ ಕಾಲಿಗೆ ಬಿದ್ದು, ಬೇಕಾದ ಸೀರೆ ತೆಗೆದುಕೊಳ್ಳಿ ಎಂದಳು. ಹಾಲಮ್ಮ ಒಪ್ಪಲಿಲ್ಲ. "ಅರಿಷಿಣ ಹಚ್ಚಿದ ಅರಿವಿ ತಿರುಗಿ ಕೊಡಾಕ ಬರಂಗಿಲ್ಲವ್ವ. ದೇವ್ರ ಹೆಸರು ಹೇಳಿ ಹಚ್ಚೀನಿ. ಕೊಟ್ರ ಅದನ್ನ ಕೊಡ್ಬೇಕು." ಬಣ್ಣ ಹಾಕಿಸಿ ಕೊಡುತ್ತೇವೆಂದರೆ, "ಬಣ್ಣಕ್ಕ ಅದ್ದಿದ್ರ ಅದು ಹಳೇ ಸೀರಿ ಆತು" ಎಂದಳು. ಬೀಗತಿ ಆಗಲೇ ಹಸಿರು ಬಳೆ ಇಡಿಸಿಕೊಂಡು ಕೂತಿದ್ದಾಳಂತೆ. ಹಾಲಮ್ಮ ತಲೆ ಎತ್ತಿ ಮೇಲಿನ ಶೀಟನ್ನು ಮೂಲೆಯಿಂದ ಮೂಲೆಗೆ ನೋಡಿದಳು. ಆಮೇಲೆ ಬಹಳ ಸಮಾಧಾನದಿಂದ, "ಸೀರಿ ಇದರ ಬುಡಕ ಹಸರ ಐತಿ. ಇದನ್ನ ಬಿಚ್ಚಿ ಕೊಡ್ರಿ, ಹಂದರಕ್ಕ ಹಾಕ್ತೀವಿ" ಎಂದಳು. ನಾನು ನಕ್ಕೆ. ಗಿರಿಜಾ ನಗಲಿಲ್ಲ. ಮಾಬುಸಾಬನಿಗೆ ಫೋನು ಮಾಡಿದಳು.

ಮದುವೆಗೆ ನಾವೂ ಹೋದೆವು, ಶೀಟಿನ ಜವಾಬ್ದಾರಿ ನಮ್ಮದಲ್ಲವೇ. ಬೀಗರು ಕೂರುವ ಜಾಗಕ್ಕೆ ಮಾತ್ರ ಹಸಿರು ಶೀಟು. ಮದುಮಗಳ ಕೆಂಪು ಸೀರೆ ಕಪ್ಪಾಗಬಾರದೆಂದು ಅವಳಿಗೆ ಆಚೆ ಬಟ್ಟೆಯ ಹಂದರ. ಬೀಗರ ಜಾಗಕ್ಕೆ ಹೊಂದಿಕೊಂಡೇ ಇದ್ದ, ಬೀಗತಿ ಸೀರೆ ಉಡುವ ಕೋಣೆಯ ಕಿಟಕಿಗೂ ಒಂದು ಶೀಟು ಕಟ್ಟಿ, ಲೈಟು ಕೆಟ್ಟಿದೆ ಎಂದು ಸುಳ್ಳು ಹೇಳಲಾಯಿತು. ಹಲವಾಗಲಿನಿಂದ ಬಂದಿದ್ದ ಬೀಗತಿ ಶಾಂತಮ್ಮ ಎಳೆ ಹಸಿರು ಸೀರೆಯಲ್ಲಿ ಬಂದು ಹಸಿರು ಮುಖದ ಗಂಡನ ಪಕ್ಕ ಸಂತೋಷದಿಂದ ಕೂತರು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದವು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಆದರೆ ಊಟದ ಪಂಕ್ತಿ ಪಕ್ಕದ ಬಯಲಲ್ಲಿತ್ತು. ನಡುವೆ ಬರೀ ಬಿಸಿಲು. ಹಾಲಮ್ಮ ನನಗೆ ಕಣ್ಸನ್ನೆ ಮಾಡಿದಳು. ನಾನು, ಮಾಬುಸಾಬ, ಮದುಮಗಳ ಇಬ್ಬರು ಮಾವಂದಿರು ಸೇರಿ ಒಂದು ಶೀಟು ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ಶಾಂತಮ್ಮನವರ ಜೊತೆ ನಡೆದೆವು. ಅವರು ಇದು ಈ ಕಡೆಯ ಮರ್ಯಾದೆ ಇರಬೇಕೆಂದು ತಿಳಿದು ಕೈ ಮುಗಿದುಕೊಂಡು ನಿಧಾನವಾಗಿ ಹೆಜ್ಜೆ ಹಾಕಿದರು. ಕೂಡಲೇ ಅವರ ಓರಗಿತ್ತಿ, "ಅವ್ರಿಗೆ ಮಾತ್ರ ಯಾಕ್ರೀ, ನಾವೇನ್ ಬೀಗರಲ್ವಾ?" ಎಂದು ಕೂತಲ್ಲಿಂದ ಏಳಲಿಲ್ಲ. ಸರಿ, ಶಾಂತಮ್ಮನವರನ್ನು ನಡುದಾರಿಯಲ್ಲೇ ನಿಲ್ಲಿಸಿ, ಇನ್ನೊಂದು ಶೀಟು ಬಿಚ್ಚಲು ಇನ್ನೂ ನಾಲ್ಕು ಜನರನ್ನು ಹುಡುಕಿದ್ದಾಯಿತು. ಹೀಗೆ ಹುಗ್ಗಿ ಆರುತ್ತಿದ್ದಾಗ, ನಮ್ಮ ಕಡೆಯ ಗಾಳಿ ಗೊತ್ತಲ್ಲ, ಎಲ್ಲಿಂದಲೋ ಒಂದೇ ಸಲಕ್ಕೆ ನುಗ್ಗಿತು. ಮೂವರು ಬಿಟ್ಟರು. ಶೀಟಿನ ಜೊತೆ ನಾನೊಬ್ಬನೇ ಹತ್ತು ಹೆಜ್ಜೆ ಓಡಿಹೋಗಿ ಬೇಲಿಗೆ ತಗುಲಿಕೊಂಡೆ.

ಶಾಂತಮ್ಮನವರು ನಡು ಬಿಸಿಲಲ್ಲಿ ಹಾಲುಬಿಳಿ ಸೀರೆಯಲ್ಲಿ ನಿಂತಿದ್ದರು. ಓಲಗ ನಿಂತಿತು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ಶಾಂತಮ್ಮ ಬಗ್ಗಿ ತಮ್ಮ ನೆರಿಗೆ ನೋಡಿಕೊಂಡರು, ಸೆರಗು ಎತ್ತಿ ನೋಡಿದರು. "ಅಯ್ಯ, ಇದು ಗುಲಾಬಿ ಆತಲ್ರೀ" ಎಂದರು. ಬೆಳಗಿನಿಂದ ಹಸಿರಿನಲ್ಲೇ ಕೂತಿದ್ದ ಬೀಗರಿಗೆಲ್ಲ ಅದು ಗುಲಾಬಿಯಾಗಿಯೇ ಕಂಡಿತು. ಹುಗ್ಗಿ ಬಡಿಸುವವನೊಬ್ಬ ಸೌಟು ಹಿಡಿದುಕೊಂಡು, "ಬಿಳೇದು ಐತಲ್ರೀ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಲಮ್ಮ ಮಾತ್ರ ಒಂದು ಕ್ಷಣವೂ ತಡಮಾಡದೆ, "ನೆಳ್ಳಾಗ ಹಸರು, ಬಿಸಲಾಗ ಗುಲಾಬಿ. ಎರಡು ಬಣ್ಣದ್ದು ಬೀಗತಿ, ಕೊಟ್ಟೂರಿನ ಗಿರಿಜವ್ವ ನಿಮಗಂತನ ಹುಡುಕಿ ತರಿಸ್ಯಾಳ" ಎಂದವಳೇ, ಬಣ್ಣ ಮತ್ತೆ ಬದಲಾಗುವುದರೊಳಗೆ ಅವರ ತೋಳು ಹಿಡಿದು ಉಳಿದ ಶೀಟಿನ ಕೆಳಗೆ ಸೇರಿಸಿಬಿಟ್ಟಳು. ಊಟ ಅಲ್ಲಿಗೇ ಬಂತು. ಇದು ಕಣ್ಣಿನ ಭ್ರಮೆ, ಬೆಳಕಿನ ಪಾಠದಲ್ಲಿ ಬರುತ್ತದೆ ಎಂದು ವಿವರಿಸಲು ನಾನು ಬೇಲಿಯ ಹತ್ತಿರದಿಂದ ಬಾಯಿ ತೆರೆದೆ. ಗಿರಿಜಾ ಬಂದು ನನ್ನ ಕಾಲು ತುಳಿದಳು. ಕಳೆದೇಹೋಯಿತು ಅಂದುಕೊಂಡಿದ್ದ ಹೆಸರು ಇಮ್ಮಡಿಯಾಗಿ ವಾಪಸು ಬಂದಿತ್ತು. ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಶೀಟು ಮಾತ್ರ ವಾಪಸು ಬರಲಿಲ್ಲ. ಈ ಸೀರೆ ಆ ಶೀಟಿನ ಕೆಳಗೆ ಕೂತೆದ್ದರೇನೇ ಬಣ್ಣ ತೋರಿಸುವುದೆಂದು ಎರಡು ದಿನದಲ್ಲಿ ಶಾಂತಮ್ಮನವರಿಗೆ ತಿಳಿಯಿತು. ಶೀಟೂ ಸೀರೆಯ ಜೊತೆಗೇ ಬರುವುದಿರಬೇಕು, ಕಳಿಸಲು ಮರೆತಿದ್ದಾರೆ ಎಂದು ಅವರು ಹೇಳಿಕಳಿಸಿದರು. ಹಾಲಮ್ಮ ಅಷ್ಟನ್ನೂ ಟ್ರ್ಯಾಕ್ಟರಿನಲ್ಲಿ ಹಲವಾಗಲಿಗೆ ಕಳಿಸಿಕೊಟ್ಟಳು. ನಮ್ಮ ಅಂಗಳದಲ್ಲಿ ಈಗ ಬರೀ ಕಂಬಿಗಳು. ಹೊಸ ಶೀಟು ಬರುವವರೆಗೆ, ಆ ದಿನ ಕಪ್ಪೆಂದು ಯಾರೂ ಕೊಳ್ಳದ ಕೆಂಪು ಸೀರೆಗಳನ್ನೇ ಗಿರಿಜಾ ಮೇಲೆ ಕಟ್ಟಿದ್ದಾಳೆ. ಮಾರದೆ ಉಳಿಸಿದವರು ಅದರ ಕೆಳಗೆ ಕೂರಲಿ ಎಂದಳು. ಹೆಂಗಸರು ಮೊದಲಿನಂತೆ ಸೆರಗು ಎಳೆದುಕೊಂಡು ಬೀದಿಗೆ ಹೋಗುತ್ತಾರೆ. ಮುಂದಿನ ಶೀಟು ಆರಿಸಲು ಅವಳೇ ಹೋಗುತ್ತಾಳಂತೆ, ನಾನು ಬೈಕು ಓಡಿಸಿದರೆ ಸಾಕಂತೆ.

ನಿನ್ನೆ ಆ ಕೆಂಪು ನೆರಳಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಂಪು ಗುಲಾಬಿಯ ಪ್ರಶ್ನೆಗೆ ತಪ್ಪು ಬರೆದವರಿಗೂ ಅರ್ಧ ಅಂಕ ಕೊಡುತ್ತಿದ್ದೆ. ಕೊಟ್ರೇಶಪ್ಪ ಬಂದು ರೆಪ್ಪೆ ಎಳೆದು ನೋಡಿ, ತೋಳು ಮುಟ್ಟಿ ನೋಡಿ, "ಮೇಷ್ಟ್ರೆ, ಕಾಮಣಿ ಪೂರ್ತಿ ಇಳೀತು. ಮುಖದಾಗ ರಕ್ತ ತುಂಬೇತಿ ನೋಡ್ರಿ. ಬೇರು ಮಾತ್ರ ಬಿಚ್ಚಬ್ಯಾಡ್ರಿ" ಎಂದ. ವಿಜ್ಞಾನ ಹೇಳಲು ಬಾಯಿ ತೆರೆದೆ. ಒಳಗಿನಿಂದ ಗಿರಿಜಾ, "ಬೆಳಕಿನ ವಿಷಯ ನನಗ ಹೇಳಬ್ಯಾಡ" ಎಂದು ನನ್ನ ಧ್ವನಿಯಲ್ಲಿ ಅಂದಳು. ನಾನು ಬೇರನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡು ಅಂಕ ಹಾಕತೊಡಗಿದೆ.