ಹೊಸ್ತಿಲಿಗೆ ಸಿ ಗ್ರೇಡ್

ಮೂವತ್ತಾರು ವರ್ಷ ಗಂಟೆ ಹೊಡೆಸಿ ಸಾವಿರಾರು ಮಕ್ಕಳನ್ನು ಏಳಿಸಿ ಕೂರಿಸಿದ ನನ್ನ ಮಾತಿಗೆ, ನಿವೃತ್ತಿಯಾದ ಮಾರನೆಯ ದಿನದಿಂದ ನಮ್ಮ ಮನೆಯ ಬೆಕ್ಕು ಕೂಡ ಕಿವಿಗೊಡುವುದಿಲ್ಲ. ಬೆಕ್ಕಿನದೇನೂ ತಪ್ಪಿಲ್ಲ. ಅದಕ್ಕೆ ಹಾಲು ಹಾಕುವವಳು ನನ್ನ ಹೆಂಡತಿ ಗಂಗಾಂಬಿಕಾ. ಮಧುಗಿರಿಯ ಈ ಹಳೆಯ ಮನೆಯಲ್ಲಿ ಯಾರ ಕೈಯಲ್ಲಿ ಅಧಿಕಾರವಿದೆ ಎಂಬುದು ಅದಕ್ಕೆ ನನಗಿಂತ ಮೊದಲೇ ಗೊತ್ತಾಗಿತ್ತು. ಬೀಳ್ಕೊಡುಗೆಯ ದಿನ ಶಾಲೆಯವರು ಕೊಟ್ಟ ಹಿತ್ತಾಳೆಯ ಕೈಗಂಟೆ ಷೋಕೇಸಿನಲ್ಲಿ ನನ್ನ ಹಾಗೆಯೇ ಬಾಯಿ ಮುಚ್ಚಿಕೊಂಡು ಕೂತಿತ್ತು.

ಇಂಥ ದುರ್ಭರ ಕಾಲದಲ್ಲಿ ನಮ್ಮ ಮನೆಗೆ ಲಾಸ್ಯ ದಾಖಲಾದಳು. ವಯಸ್ಸು ಒಂಬತ್ತೂವರೆ ತಿಂಗಳು. ತಾಯಿ, ಹಿಂದಿನ ಬೀದಿಯ ಮಂಜುಶ್ರೀ, ಮಿಡಿಗೇಶಿ ಕಡೆಯ ಒಂದು ಶಾಲೆಯಲ್ಲಿ ಟೀಚರ್. ತಂದೆ ಅಂಬರೀಶನಿಗೆ ಪಾವಗಡದಾಚೆ ರಾಯಚರ್ಲು ಕಡೆ ಸೋಲಾರ್ ಪ್ಲಾಂಟಿನಲ್ಲಿ ಕೆಲಸ, ಮನೆಗೆ ಬರುವುದು ಭಾನುವಾರ ಮಾತ್ರ. ಮಂಜುಶ್ರೀ ಬೆಳಗ್ಗೆ ಎಂಟಕ್ಕೆ ಕೂಸನ್ನು ಗಂಗಾಂಬಿಕೆಯ ಸೊಂಟಕ್ಕೆ ದಾಟಿಸಿ ಬಸ್ಸಿಗೆ ಓಡಿದರೆ, ಮತ್ತೆ ಬರುವುದು ಸಂಜೆ ಐದೂವರೆಗೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿಯೂ ಹೌದು. (ಹತ್ತನೇ ತರಗತಿಯಲ್ಲಿ ಗಣಿತದ ಅರ್ಧ ಅಂಕಕ್ಕಾಗಿ ನನ್ನ ಮೇಜಿನ ಮುಂದೆ ನಿಂತು ಅತ್ತಿದ್ದಳು. ನಾನು ಕೊಡಲಿಲ್ಲ. ಲೆಕ್ಕ ಅಂದರೆ ಲೆಕ್ಕ.)

ಒಂದು ವಾರ ಗಮನಿಸಿದೆ. ಮಗು ಇಡೀ ದಿನ ಮಾಡುತ್ತಿದ್ದುದೇನು? ಪಾತ್ರೆ ಮುಚ್ಚಳ ಬಡಿಯುವುದು, ಬೆಕ್ಕಿನ ಬಾಲ ಹಿಡಿಯುವುದು, ರಾಗಿ ಸರಿ ತಿಂದು ಮಲಗುವುದು. ಗುರಿಯಿಲ್ಲ, ಕ್ರಮವಿಲ್ಲ, ಮೌಲ್ಯಮಾಪನವಂತೂ ಇಲ್ಲವೇ ಇಲ್ಲ. ನನ್ನೊಳಗಿನ ಹೆಡ್‌ಮೇಷ್ಟ್ರು ಎದ್ದು ಕೂತರು. ರಾತ್ರಿಯೊಳಗೆ ವೇಳಾಪಟ್ಟಿ ಸಿದ್ಧವಾಗಿ ಗೋಡೆಗೇರಿತು. ಮೊದಲನೇ ಪೀರಿಯಡ್ ಸಂಗೀತ (ಮುಚ್ಚಳ). ಎರಡನೆಯದು ಪರಿಸರ ಅಧ್ಯಯನ (ಕಾಗೆ, ಬೆಕ್ಕು, ಪಕ್ಕದ ಮನೆಯ ಸಣ್ಣಕ್ಕನ ಎಮ್ಮೆ). ಮೂರನೆಯದು ದೈಹಿಕ ಶಿಕ್ಷಣ, ಅಂದರೆ ಅಂಬೆಗಾಲು. ನಾಲ್ಕನೆಯದು ಗಣಿತ.

"ಒಂಬತ್ತು ತಿಂಗಳ ಕೂಸಿಗೆ ಗಣಿತ ಹೆಂಗ್ರೀ ಕಲಿಸ್ತೀರಾ?" ಎಂದಳು ಗಂಗಾಂಬಿಕಾ.

"ಕಡಲೇಕಾಯಿ ಎಣಿಸೋದು," ಎಂದು ನಾನು ಬೊಗಸೆ ತೋರಿಸಿದೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ಕಡಲೇಕಾಯಿ ಹುರಿದು ಹೋಗಬೇಕಿತ್ತು. "ಗಂಟಲಿಗೆ ಸಿಕ್ಕಾಕ್ಕೊಂಡ್ರೆ? ಕೈಗೆ ಸಿಕ್ಕಿದ್ದು ಬಾಯಿಗೆ ಹಾಕೋ ವಯಸ್ಸು ಅದು. ಅಷ್ಟು ಮಕ್ಕಳಿಗೆ ಪಾಠ ಹೇಳಿದೋರಿಗೆ ಇಷ್ಟೂ ಗೊತ್ತಾಗಲ್ವಾ?" ಎಂದು ಬೊಗಸೆ ಖಾಲಿ ಮಾಡಿಸಿದಳು. ಗಣಿತಕ್ಕೆ ಬಾಯಿಗೆ ಹಿಡಿಸದಂಥ ಮೂರು ದೊಡ್ಡ ಲೋಟಗಳು ಮಂಜೂರಾದವು.

"ಇನ್ನೊಂದು ಮಾತು," ಎಂದಳು, ನಡುಮನೆಯ ಹೊಸ್ತಿಲಿಗೆ ಅಡ್ಡವಾಗಿ ಮಣೆ ನಿಲ್ಲಿಸುತ್ತಾ. "ಏನಾದ್ರೂ ಕಲಿಸ್ಕೊಳಿ. ಈ ಮಣೆ ಮಾತ್ರ ತೆಗೀಬೇಡಿ."

ಏಕೆ ಎಂದು ನಾನು ಕೇಳಲಿಲ್ಲ. ಹೆಂಗಸರ ಹೆದರಿಕೆ ಎಂದುಕೊಂಡೆ. ಅಲ್ಲದೆ ಹೊಸ್ತಿಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮ ಮಗಳು ಬಿಂದುಶ್ರೀ ಹೊಸ್ತಿಲು ದಾಟಿದ್ದು ನನ್ನ ದನಿ ಕೇಳಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಹದಿನೈದು ದಿನ ತುಮಕೂರಿನಲ್ಲಿದ್ದು ಬಂದಿದ್ದೆ. ಬಾಗಿಲಲ್ಲಿ ನಿಂತು "ಪಾಪೂ" ಎಂದೆ ನೋಡಿ, ಮಗು ಸರ್ರನೆ ಬಂದು ಹೊಸ್ತಿಲು ದಾಟಿ ನನ್ನ ಕಾಲು ಹಿಡಿದುಕೊಂಡಿತು. ಹದಿನೈದು ದಿನ ತಾಯಿಯ ಕೈಯಲ್ಲಿ ಆಗದ್ದು ನನ್ನಿಂದ ಒಂದೇ ಕೂಗಿಗೆ ಆಯಿತು. ಈ ಕಥೆಯನ್ನು ನಾನು ಮದುವೆ ಮುಂಜಿಗಳಲ್ಲಿ, ನಾಮಕರಣಗಳಲ್ಲಿ, ಒಮ್ಮೆ ಶಿಕ್ಷಕರ ದಿನಾಚರಣೆಯ ವೇದಿಕೆಯ ಮೇಲೂ ಹೇಳಿದ್ದೇನೆ.

ವೇಳಾಪಟ್ಟಿಯ ಜೊತೆಗೆ ಪ್ರಗತಿ ರಿಜಿಸ್ಟರನ್ನೂ ತೆರೆದೆ. ಮಂಜುಶ್ರೀ ಸಂಜೆ ಬಂದ ಕೂಡಲೇ, ಚಪ್ಪಲಿ ಬಿಡುವುದಕ್ಕೂ ಮೊದಲು, "ಇವತ್ತು ಏನು ಮಾಡಿದ್ಲು ಸಾರ್?" ಎಂದು ಕೇಳುತ್ತಿದ್ದಳು. ನಾನು ಓದಿ ಹೇಳುತ್ತಿದ್ದೆ. ಎರಡನೇ ದಿನ, "ಕೆಳಗಡೆ ಮೊದಲನೇ ಹಲ್ಲು ಗೋಚರವಾಗಿದೆ, ಸಮಯ ಹತ್ತೂ ಇಪ್ಪತ್ತು" ಎಂದು ಓದಿದೆ. ಮಂಜುಶ್ರೀ ಮಗುವಿನ ತುಟಿ ಸರಿಸಿ ನೋಡಿ ನಕ್ಕಳು. "ಹೌದಲ್ವಾ. ನಂಗೆ ಕಾಣಿಸ್ಲೇ ಇಲ್ಲ," ಎಂದಳು. ಆಮೇಲೆ ಬ್ಯಾಗಿನಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಅವಳು ಹೋದ ಮೇಲೆ ಗಂಗಾಂಬಿಕಾ ನನ್ನ ತೋಳನ್ನು ಚಿವುಟಿದಳು. ಕಾರಣ ತಿಳಿಯಲಿಲ್ಲ. ಮೂವತ್ತೆರಡು ವರ್ಷದ ದಾಂಪತ್ಯದಲ್ಲಿ ಪ್ರತಿಯೊಂದು ಚಿವುಟಿಗೂ ಕಾರಣ ಕೇಳಿಕೊಂಡು ಕೂರುವುದಕ್ಕಾಗುತ್ತದೆಯೇ?

ಗುರುವಾರ ಗಂಗಾಂಬಿಕಾ ಹಪ್ಪಳ ಒಣಹಾಕಲು ತಾರಸಿಗೆ ಹೋದಳು. ಕೆಳಗೆ ಮೂರನೇ ಪೀರಿಯಡ್ ನಡೆಯುತ್ತಿತ್ತು. ಲಾಸ್ಯ ಮಣೆಯ ಹತ್ತಿರ ಹೋಗಿ ಅದನ್ನು ಬಡಿದು ನನ್ನ ಕಡೆ ತಿರುಗಿದಳು. ಪ್ರತಿಭೆಗೆ ಮಣೆ ಅಡ್ಡವಾಗುವುದನ್ನು ಯಾವ ಶಿಕ್ಷಕ ಸಹಿಸುತ್ತಾನೆ? ಮಣೆ ತೆಗೆದೆ. ಷೋಕೇಸಿನಿಂದ ಗಂಟೆ ಇಳಿಸಿಕೊಂಡು ಹೊಸ್ತಿಲಿನಾಚೆ ಚಕ್ಕಳಮಕ್ಕಳ ಹಾಕಿ ಕೂತು ಮೆಲ್ಲಗೆ ಅಲ್ಲಾಡಿಸಿದೆ. ಅವಳು ಹೊಸ್ತಿಲಿನ ಮೇಲೆ ಒಂದು ಕೈ ಇಟ್ಟಳು, ಇನ್ನೊಂದು ಕೈ ಇಟ್ಟಳು, ಹೊಟ್ಟೆ ಎಳೆದಳು, ದೊಪ್ಪನೆ ನನ್ನ ತೊಡೆಗೆ ಬಂದು ಬಿದ್ದಳು. ಹನ್ನೊಂದು ನಲವತ್ತೆರಡು. ನಾನು ಜಯಘಂಟೆ ಬಾರಿಸಿದೆ. ಒಂದು ಕೈಯಲ್ಲಿ ವೀಡಿಯೋ ಬೇರೆ ಹಿಡಿದಿದ್ದೆ. ತಡ ಮಾಡದೆ ಮಂಜುಶ್ರೀಗೆ ಕಳಿಸಿಯೂ ಬಿಟ್ಟೆ.

ಗಂಟೆ ಸದ್ದಿಗೆ ತಾರಸಿಯಿಂದ ಗಂಗಾಂಬಿಕಾ, ಗೇಟಿನಿಂದ ಕರಿಬೇವು ತಂದಿದ್ದ ಪಕ್ಕದ ಮನೆಯ ಸಣ್ಣಕ್ಕ, ಇಬ್ಬರೂ ಒಟ್ಟಿಗೇ ಬಂದರು. ಗಂಗಾಂಬಿಕಾ ಪಕ್ಕಕ್ಕಿಟ್ಟ ಮಣೆ ನೋಡಿದಳು, ಈಚೆ ಬಂದ ಕೂಸು ನೋಡಿದಳು, ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ಏನ್ ಕೆಲಸ ಮಾಡ್ಬುಟ್ರಿ? ಕೂಸು ಮೊದಲನೇ ಸಲ ಹೊಸ್ತಿಲು ದಾಟೋದು ಹೆತ್ತೋರ ಕಣ್ಣೆದುರಿಗೆ, ಅವರ ಮನೇಲಿ. ಹೊಸ್ತಿಲು ಪೂಜೆ ಮಾಡಿ ಕಾಯಿ ಒಡೀಬೇಕು. ಆ ಹುಡುಗಿ ಹಲ್ಲು ಬಂದಿದ್ದನ್ನೂ ನೋಡ್ಲಿಲ್ಲ, ಇದನ್ನೂ ನಾವೇ ಕಿತ್ಕೊಳೋದಾ?"

ಈಗ ಚಿವುಟಿನ ಕಾರಣ ತಿಳಿಯಿತು. "ವೀಡಿಯೋ ಕಳಿಸಿದೀನಿ," ಎಂದೆ, ಸಣ್ಣ ದನಿಯಲ್ಲಿ.

ಗಂಗಾಂಬಿಕಾ ಫೋನು ಕಿತ್ತುಕೊಂಡಳು. ಪುಣ್ಯಕ್ಕೆ ಒಂದೇ ಟಿಕ್ ಇತ್ತು. ಮಂಜುಶ್ರೀಯ ಶಾಲೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಬಸ್‌ಸ್ಟಾಪಿನವರೆಗೆ ನಡೆಯಬೇಕು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನ್ನ ಹೆಂಡತಿ, ಬಿ.ಎಸ್ಸಿ., ಬಿ.ಎಡ್. ಆದ ನನಗೆ ಇವತ್ತಿಗೂ ಬಾರದ ವಿದ್ಯೆಯಿಂದ ಅದನ್ನು ಎರಡೂ ಕಡೆ ಅಳಿಸಿದಳು. ಆಮೇಲೆ ಸಣ್ಣಕ್ಕನ ಕಡೆ ತಿರುಗಿದಳು. ಬೀದಿಯ ಆ ತುದಿಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದಾರೆಂದು ಈ ತುದಿಯಿಂದ ಹೇಳುವ ಸಣ್ಣಕ್ಕ, "ನಾನೇನೂ ನೋಡ್ಲಿಲ್ಲ ಕಣಮ್ಮ. ಕಣ್ಣು ಮಂಜಾಗ್ಬುಟ್ಟದೆ," ಎಂದು ಕರಿಬೇವು ಇಟ್ಟಳು. ಹೋಗುವಾಗ, "ಮೇಷ್ಟ್ರೇ, ದಾಟ್ದಾಗ ಬಲಗೈ ಮುಂದಿತ್ತಾ ಎಡಗೈಯಾ?" ಎಂದು ಕೇಳಿ ಹೋದಳು.

"ರಿಜಿಸ್ಟರ್ ತಗೊಳ್ಳಿ," ಎಂದಳು ಗಂಗಾಂಬಿಕಾ. "ಹೊಸ್ತಿಲು, ಇನ್ನೂ ಬರಲ್ಲ. ಬರೀರಿ."

"ಸುಳ್ಳು ದಾಖಲೆಯಾ? ಸರ್ವೀಸಿನಲ್ಲಿ ಅರ್ಧ ಅಂಕ..."

"ಆ ಅರ್ಧ ಅಂಕದ ಹುಡುಗೀನೇ ಸಂಜೆ ಬರೋದು. ಬರೀರಿ."

ಬರೆದೆ. ಹೊಸ್ತಿಲು ದಾಟುವಿಕೆ: ಸಿ ಗ್ರೇಡ್. ಹೆಚ್ಚಿನ ಅಭ್ಯಾಸದ ಅಗತ್ಯವಿದೆ. ಬರೆಯುವಾಗ ಲಾಸ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. ಅನ್ಯಾಯವಾಗಿ ಫೇಲಾದ ವಿದ್ಯಾರ್ಥಿಯ ಕಣ್ಣು ಹೇಗಿರುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ಸಂಜೆ ಮಂಜುಶ್ರೀ, "ಸಾರ್, ಏನೋ ಕಳಿಸಿ ಡಿಲೀಟ್ ಮಾಡಿದೀರಲ್ಲಾ?" ಎಂದಳು.

"ಗುಡ್ ಮಾರ್ನಿಂಗ್ ಚಿತ್ರ," ಎಂದೆ.

"ಹನ್ನೊಂದು ಮುಕ್ಕಾಲಿಗಾ ಸಾರ್?"

ಅವಳು ರಿಜಿಸ್ಟರಿನ ಸಿ ನೋಡಿ ಕೂಸನ್ನು ಎತ್ತಿಕೊಂಡು ಹೊರಟಳು. ಶುಕ್ರವಾರ, ಶನಿವಾರ ಎರಡು ದಿನವೂ ನಾನೇ ಮಣೆಯ ಪಕ್ಕ ಕಾವಲು ಕೂತೆ. ಭಾನುವಾರವಿಡೀ ನನಗೆ ಊಟ ರುಚಿಸಲಿಲ್ಲ. ಮಗು ತನ್ನ ಮನೆಯಲ್ಲಿ ದಾಟದೆ ಹೋದರೆ? ದಾಟಿದ ಮಗುವಿನ ಮುಖದಲ್ಲಿ ಹಳೆಯ ಅನುಭವ ಕಾಣಿಸಿಬಿಟ್ಟರೆ?

ಸೋಮವಾರ ಬೆಳಗ್ಗೆ ಎಂಟಕ್ಕೆ ಐದು ನಿಮಿಷ ಮೊದಲೇ ಮಂಜುಶ್ರೀ ಬಂದಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಒಡೆದ ಕಾಯಿಯ ಹೋಳು, ಕಡುಬಿನ ಡಬ್ಬಿ. ಮುಖ ಬೆಳಗುತ್ತಿತ್ತು.

"ಆಂಟಿ, ನೆನ್ನೆ ಹೊಸ್ತಿಲು ದಾಟ್ಬುಟ್ಲು. ಅವರಪ್ಪಾನೂ ಮನೇಲೇ ಇದ್ರು. ಅವರಂತೂ ಅತ್ತೇಬಿಟ್ರು. ನಾನು ಬಾ ಅಂದೆ, ಬಂದ್ಲು. ಒಂದೇ ಸಲಕ್ಕೆ."

ಗಂಗಾಂಬಿಕಾ ಎರಡೂ ಕೈಯಲ್ಲಿ ಕೂಸಿನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಅವಳ ಮುಖದ ಆಶ್ಚರ್ಯಕ್ಕೆ ಯಾವ ನಾಟಕ ಕಂಪನಿಯವರಾದರೂ ಹಾರ ಹಾಕುತ್ತಿದ್ದರು. ನನಗೂ ನಿಜವಾಗಿಯೂ ಸಂತೋಷವಾಗಿತ್ತು. ಆದರೆ ಮಂಜುಶ್ರೀ ನನ್ನ ಕಡೆ ತಿರುಗಿದಳು.

"ಸಾರ್, ಬೇಜಾರು ಮಾಡ್ಕೊಬೇಡಿ. ನೀವು ಸಿ ಕೊಟ್ಟಿದ್ರಿ. ನಮ್ಮನೇಲಿ ಒಂದೇ ದಿನಕ್ಕೆ ಕಲಿತ್ಲು. ಇಲ್ಲಿ ಗಂಟೆಗೆ ಹೆದರ್ಕೊತಿದ್ಲೋ ಏನೋ. ಈ ವಯಸ್ಸಿನ ಮಕ್ಕಳಿಗೆ ಪೀರಿಯಡ್ ಎಲ್ಲಾ ಬೇಡ ಸಾರ್, ಅವರ ಪಾಡಿಗೆ ಆಡ್ಕೊಂಡಿರಲಿ. ಟ್ರೈನಿಂಗಲ್ಲಿ ನಮಗೆ ಹೇಳ್ಕೊಟ್ಟಿದಾರೆ."

ನಾಲಿಗೆಯ ತುದಿಗೆ ಹನ್ನೊಂದು ನಲವತ್ತೆರಡು ಬಂದು ನಿಂತಿತ್ತು. ಗಂಗಾಂಬಿಕಾ ನನ್ನ ತೋಳಿನ ಹತ್ತಿರ ಕೈ ತಂದಳು. "ಆಗಲಮ್ಮ," ಎಂದೆ. ಅಂದು ನಾನು ಕೊಡದ ಅರ್ಧ ಅಂಕವನ್ನು ಮಂಜುಶ್ರೀ ಬಡ್ಡಿಸಮೇತ ವಸೂಲಿ ಮಾಡಿ ಬಸ್ಸಿಗೆ ಓಡಿದಳು. ವೇಳಾಪಟ್ಟಿ ಗೋಡೆಯಿಂದ ಇಳಿಯಿತು, ಗಂಟೆ ಷೋಕೇಸಿಗೆ ಮರಳಿತು.

ಕಡುಬು ತಿನ್ನುತ್ತಾ ನನ್ನ ದುಃಖ ತೋಡಿಕೊಂಡೆ. "ಕಲಿಸಿದ್ದು ನಾನು, ಹೆಸರು ಅವಳಿಗೆ."

"ನೀವೇನ್ ಕಲಿಸಿದ್ದು?" ಎಂದಳು ಗಂಗಾಂಬಿಕಾ. "ಬುಧವಾರ ನೀವು ತರಕಾರಿಗೆ ಹೋಗಿದ್ದಾಗ, ನಾನು ಮಣೆ ತೆಗೆದು ನೆಲ ಒರೆಸ್ತಿದ್ದೆ. ಹೊಟ್ಟೆ ಎಳ್ಕೊಂಡು ದಾಟಿ, ದೊಪ್ಪಂತ ಬಿದ್ದು ನನ್ನ ಸೆರಗು ಹಿಡ್ಕೊಂಡ್ಲು."

"ನನಗೆ ಹೇಳಲೇ ಇಲ್ಲ?"

"ಯಾಕೆ ಹೇಳ್ಲಿ? ನಾನು ನೋಡ್ಲಿಲ್ಲ ಅಂದ್ಕೊಂಡೆ. ಯಾರು ನೋಡ್ಬೇಕೋ ಅವರು ನೋಡಿದ್ದೇ ಮೊದಲನೇದು."

ಇನ್ನೊಂದು ಕಡುಬಿಗೆ ಹಾಕಿದ ಕೈ ಅಲ್ಲೇ ನಿಂತಿತು. ತುಮಕೂರು ನೆನಪಾಯಿತು. ಹದಿನೈದು ದಿನ. ಬಾಗಿಲಲ್ಲಿ ನಿಂತು ಕೂಗಿದ್ದು. ಸರ್ರನೆ ಬಂದದ್ದು. ಹೊಸದಾಗಿ ದಾಟುವ ಕೂಸು ಹೊಸ್ತಿಲಿನ ಮೇಲೆ ಹೊಟ್ಟೆ ಎಳೆಯುತ್ತದೆ, ದೊಪ್ಪನೆ ಬೀಳುತ್ತದೆ. ಸರ್ರನೆ ಬರುವುದು ಅಭ್ಯಾಸವಾದ ಕೂಸು.

"ಗಂಗಾ, ನಮ್ಮ ಬಿಂದು..."

ಅವಳು ಒಡೆದ ಕಾಯಿಯ ಹೋಳು ತೆಗೆದುಕೊಂಡು ಈಳಿಗೆ ಮಣೆಯ ಮೇಲೆ ಕೂತಳು. "ಅದ್ಯಾವ ಕಾಲದ್ದು ಬುಡಿ. ಆವತ್ತು ನೀವು ಕಾಯಿ ಒಡೆದಿದ್ರಲ್ಲ, ಚೆನ್ನಾಗಿ ಒಡೆದಿತ್ತು," ಎಂದು ತುರಿಯತೊಡಗಿದಳು.

ಮೂವತ್ತು ವರ್ಷ ನಾನು ಆ ಕಥೆ ಹೇಳುವಾಗಲೆಲ್ಲ ಅವಳು ಪಕ್ಕದಲ್ಲೇ ಕೂತು, ಮೊದಲ ಸಲ ಕೇಳುವವಳಂತೆ ತಲೆದೂಗಿದ್ದಳು. ವೇದಿಕೆಯ ಕೆಳಗೆ ಕೂತು ಚಪ್ಪಾಳೆ ಬೇರೆ ತಟ್ಟಿದ್ದಳು. ನಾನು ಸದ್ದಿಲ್ಲದೆ ಎದ್ದು ರಿಜಿಸ್ಟರ್ ತೆಗೆದೆ. ಲಾಸ್ಯಳ ಹೆಸರಿನ ಮುಂದಿದ್ದ ಸಿ ಹೊಡೆದು ಎ ಬರೆದೆ. ಬರೆದ ಗ್ರೇಡನ್ನು ಸುಮ್ಮನೆ ರದ್ದು ಮಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೆ ಆ ಸಿ ಅನ್ನು ಕೆಳಗೆ, ತರಗತಿ ಶಿಕ್ಷಕರು ವೀರಭದ್ರಯ್ಯ ಎಂದು ನನ್ನ ಹೆಸರಿದ್ದ ಕಡೆಗೆ ವರ್ಗಾಯಿಸಿದೆ. ಹೆಚ್ಚಿನ ಅಭ್ಯಾಸದ ಅಗತ್ಯವಿದೆ ಎಂಬುದನ್ನೂ ಅದರ ಜೊತೆಗೇ ಬರೆದೆ.